ಹೊಟ್ಟೆಗೆ ಹಾಕಿಕೊಂಡವರಿಗೆ ಒಂದು ಬಿನ್ನಹ

ನನ್ನ ಕರುಳಿನಲ್ಲಿ ಬೀಡುಬಿಟ್ಟಿರುವ ಮಾನ್ಯ ಪ್ರೊಬಯೋಟಿಕ್ ಬ್ಯಾಕ್ಟೀರಿಯಾ ಮಹಾಶಯರೇ,

ತಮ್ಮ ಅಪಾರ ಬಳಗಕ್ಕೆ ಸಾಷ್ಟಾಂಗ ನಮಸ್ಕಾರಗಳು. ಬಗ್ಗಿದರೆ ತಾವು ಸದ್ದು ಮಾಡುತ್ತೀರಾದ್ದರಿಂದ ಅದನ್ನು ನಿಂತೇ ಸಲ್ಲಿಸುತ್ತಿದ್ದೇನೆ.

ತಾವು ಒಳಗೆ ಬಂದದ್ದು ನನ್ನ ಕನ್ನಡದ ದೆಸೆಯಿಂದ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಓದಿದ ನನಗೆ ಅರ್ಧ ಮಾತು ಇಂಗ್ಲಿಷಿನಲ್ಲೇ ಬರುತ್ತದೆ, ಉಳಿದರ್ಧ ಅರ್ಥವಾದಂತೆ ಅನಿಸುತ್ತದೆ. ಚೆಲ್ಲಿದ ಟೀಯನ್ನು ರೂಮ್‌ಮೇಟ್ ನನ್ನ ಬಿಳಿ ಲ್ಯಾಬ್ ಕೋಟಿನಲ್ಲಿ ಒರೆಸಿದನೆಂದು ಫೋನಿನಲ್ಲಿ ಗೋಳಾಡಿದಾಗ ಚಿಕ್ಕಮ್ಮ, “ಹೋಗ್ಲಿ ಬಿಡು ಪುಟ್ಟಾ, ಹೊಟ್ಟೆಗೆ ಹಾಕ್ಕೊಂಡ್ಬಿಡು,” ಎಂದರು. ಕ್ಷಮಿಸಿಬಿಡು ಎಂಬುದು ಅದರ ಅರ್ಥವೆಂದು ನನಗೇನು ಗೊತ್ತು? ಏನನ್ನು ಹಾಕಿಕೊಳ್ಳುವುದೆಂದು ಸುತ್ತ ನೋಡಿದೆ. ಹೊಟ್ಟೆ ಸರಿಹೋಗಲೆಂದು ಡಾಕ್ಟರು ರೂಮ್‌ಮೇಟಿಗೆ ಕೊಟ್ಟಿದ್ದ, ತಮ್ಮನ್ನು ತುಂಬಿದ ಕ್ಯಾಪ್ಸೂಲುಗಳ ಸ್ಟ್ರಿಪ್ ಮೇಜಿನ ಮೇಲಿತ್ತು. ಹಿರಿಯರ ಮಾತು ಮೀರಬಾರದೆಂದು ಪೂರ್ತಿ ಹಾಕಿಕೊಂಡೆ.

ತಮ್ಮ ಸೇವೆಯನ್ನು ಅಲ್ಲಗಳೆಯುವಷ್ಟು ಕೃತಘ್ನ ನಾನಲ್ಲ. ನನಗೆ ಜೀರ್ಣವಾಗದ ನಾರನ್ನು ತಾವು ಉಂಡು ಕರುಳಿನ ಗೋಡೆಗೆ ಮೇವು ಒದಗಿಸುತ್ತೀರಿ. ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದಂತೆ, ಕೆಟ್ಟ ಕ್ರಿಮಿಗಳು ಹತ್ತುವ ಮುನ್ನವೇ ಜಾಗ ಹಿಡಿಯುತ್ತೀರಿ. ನರದ ಮೂಲಕ ಮಿದುಳಿಗೂ ಸುದ್ದಿ ಮುಟ್ಟಿಸುತ್ತೀರಂತೆ. ಇಂಥ ಸಜ್ಜನರಾದ ತಾವು ಅಷ್ಟೊಂದು ಗ್ಯಾಸ್ ಏಕೆ ಬಿಡುತ್ತೀರಿ ಎಂದು ಕೇಳುವುದು ಅಸಭ್ಯತೆ, ಆದರೂ ಕೇಳುತ್ತಿದ್ದೇನೆ.

ಏಕೆಂದರೆ ನಿನ್ನೆ ನನ್ನ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ. ಅದೇ ಟೀ ಕಲೆಯ ಕೋಟು ತೊಟ್ಟು ನಿಂತ ನನ್ನನ್ನು ಮೇಡಂ, ಕರುಳಿನ ಬ್ಯಾಕ್ಟೀರಿಯಾ ದೇಹದೊಡನೆ ಹೇಗೆ ವ್ಯವಹರಿಸುತ್ತವೆ ಎಂದು ಕೇಳಿದರು. ಮೇಲೆ ಬರೆದದ್ದೆಲ್ಲ ಬಾಯಿಪಾಠವಿತ್ತು, ಬಾಯಿಯೇ ಒಣಗಿತು. ಆಗ ತಾವು ಒಕ್ಕೊರಲಿನಿಂದ, ಏರಿಳಿವ ರಾಗದಲ್ಲಿ, ಕಡೆಯ ಬೆಂಚಿಗೂ ಕೇಳುವಂತೆ ಉತ್ತರಿಸಿದಿರಿ. ಮೇಡಂ ಕನ್ನಡಕ ತೆಗೆದು, “ಉತ್ತರ ಸರಿಯಾಗೇ ಇದೆ ಕಣಪ್ಪ, ಆದ್ರೆ ಮಾರ್ಕ್ಸು ಅವಕ್ಕೆ ಕೊಡ್ಲೋ, ನಿನಗೆ ಕೊಡ್ಲೋ?” ಎಂದು, ಸೋಮವಾರ ಮತ್ತೆ ಬರಹೇಳಿದರು. ಅಂದೂ ಫೇಲಾದರೆ ನನ್ನ ಒಂದು ವರ್ಷ ಹೋಯಿತು.

ಆದ್ದರಿಂದ ಸೋಮವಾರ ತಾವು ದಯವಿಟ್ಟು ಸುಮ್ಮನಿರಬೇಕು. ಇಲ್ಲವೇ, ಅಷ್ಟು ಗೊತ್ತಿದ್ದರೆ, ನಾನು ತುಟಿ ಆಡಿಸುವುದಕ್ಕೆ ಸರಿಹೊಂದುವಂತೆ ಸ್ಪಷ್ಟ ಉಚ್ಚಾರದಲ್ಲಿ ಉತ್ತರಿಸಬೇಕು. ತಮ್ಮಂಥವರು ಹೆಚ್ಚಾಗಿ ಕೆಲ ದಿನವಿದ್ದು ಹೊರಡುವ ಅತಿಥಿಗಳೆಂದು ಪುಸ್ತಕದಲ್ಲಿದೆ. ಹೊರಡುವಾಗ ಹೇಳಿ ಹೋಗಬೇಕೆಂಬ ದಾಕ್ಷಿಣ್ಯ ಬೇಡ, ಅದರಲ್ಲೂ ಪರೀಕ್ಷಾ ಕೊಠಡಿಯಲ್ಲಿ.

ತಮ್ಮ ವಿಶ್ವಾಸಿಯೂ ಸದ್ಯದ ವಸತಿಗೃಹವೂ ಆದ,
ಪ್ರಥಮ ವರ್ಷದ ವಿದ್ಯಾರ್ಥಿ

ಮರೆತ ಮಾತು: ಪತ್ರದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ತಮಗೆ ಹೊಟ್ಟೆಯೇ ಇಲ್ಲವೆಂದು ಬಲ್ಲೆ. ಪರವಾಗಿಲ್ಲ, ನನ್ನದನ್ನೇ ಬಳಸಿಕೊಳ್ಳಿ. ಕೇಳದೆ ಬಳಸುವುದು ತಮಗೇನು ಹೊಸದಲ್ಲ.