ಏಳು ಮಂದಿ, ಒಂದು ಲೈಸೆನ್ಸು

ತಲೀಗೆ ಪೆಟ್ಟು ಬಿದ್ದವ್ರನ್ನ ನೋಡ್ಕೊಳ್ಳೋ ಮನಿ ನಡಸಾಕತ್ತಾಗಿಂದ ನಗಾಕ ನನಗ ಬ್ಯಾರೆ ಕಡಿ ಹೋಗೋ ಗರಜೇ ಬಿದ್ದಿಲ್ಲ. ಬಸವಕಲ್ಯಾಣದ ನಮ್ಮ ಮನ್ಯಾಗ ಏಳು ಮಂದಿ ಅದಾರ. ಎಲ್ಲಾರೂ ಹೈವೇದಾಗ ಬಿದ್ದವ್ರು. ಕೆಲವ್ರಿಗೆ ನಡಿಗಿ ಹೋಗೇದ, ಕೆಲವ್ರಿಗೆ ನೆನಪು. ಲೈಸೆನ್ಸ್ ಸಿಗಲಿಲ್ಲಂದ್ರ ಮನಿ ಮುಚ್ಚಬೇಕು, ಇವ್ರೆಲ್ಲಾ ಬೀದಿಗೆ. ಮುಚ್ಚಾಕಿ ನಾ ಅಲ್ಲ.

೧. ಇದೇನು ಸಾಲಿನಾ?

ಲೈಸೆನ್ಸ್ ಆಫೀಸಿನ ಗುಮಾಸ್ತ ನನ್ನ ಅರ್ಜಿ ತಿರುವಿ ನೋಡಿ, “ಇದು ದವಾಖಾನಿನೋ, ಹಾಸ್ಟೆಲ್ಲೋ ಅಕ್ಕೋರೆ?” ಅಂದ.

“ಎರಡೂ ಅಲ್ರಿ. ಇಲ್ಲೇ ಇದ್ದು ನಡಿಯಾಕ, ಮಾತಾಡಾಕ ಮತ್ತ ಕಲೀತಾರ.”

“ಕಲೀತಾರಂದ್ರ ಸಾಲಿ,” ಅಂತ ಬರದೇ ಬಿಟ್ಟ. ವಾರಕ್ಕ ಕಾಗದ ಬಂತು: ಆಟದ ಮೈದಾನ ತೋರಸ್ರಿ! ಹೋಗಿ ಅವನ ಮುಂದಿನ ಬೆಂಚಿನ ಮ್ಯಾಲ ಕೂತುಬಿಟ್ಟೆ.

“ಊಟಕ್ಕ ಹೋಗಂಗಿಲ್ಲೇನ್ರಿ?” ಅಂದ.

“ಎರಡು ಹೊತ್ತಿನ ಡಬ್ಬಿ ತಂದೀನಿ,” ಅಂದೆ. ಅವಾಗೇ ತಿದ್ದಿದ.

೨. ಅನುಭವದ ಪತ್ರ

ಮೂರು ಮಂದಿಗೆ ಒಬ್ಬರು ಆರೈಕಿಗೆ ಇರಬೇಕು, ಅನುಭವಕ್ಕ ಪುರಾವೆ ಬೇಕು ಅಂತ ನಿಯಮ. ಹುಮನಾಬಾದ್ ಬಸ್‌ಸ್ಟ್ಯಾಂಡಿನಾಗ ‘ಆಳು ಬೇಕು’ ಅಂತ ಚೀಟಿ ಅಂಟಿಸಿದೆ. ದುಬಲಗುಂಡಿಯ ಒಬ್ಬಾಕಿ ಬಂದ್ಲು.

“ಮಾವಗ ಲಕ್ವಾ ಹೊಡದದ್ರಿ. ಆರು ವರ್ಷ ನಾನೇ ಎತ್ತಿ ಇಳಿಸೀನಿ.”

“ಪುರಾವೆ ತಗೊಂಡು ಬಾರವ್ವ.”

ಮರುದಿನ ಆಟೋದಾಗ ಮಾವನ್ನೇ ತಂದ್ಲು! ಮುದುಕ ಕೂತಲ್ಲಿಂದಲೇ ಹೇಳಿದ: “ಭಾಳ ಚಲೋ ನೋಡ್ಕೋತಾಳ್ರಿ. ಸಾರಿಗೆ ಉಪ್ಪು ಕಡಿಮಿ ಹಾಕ್ತಾಳ, ಅದನ್ನೂ ಬರಕೊಳ್ರಿ.”

೩. ತಪಾಸಣಿ

ಲೈಸೆನ್ಸ್ ಕೊಡೋ ಸಾಹೇಬರು ತಪಾಸಣಿಗೆ ಬರೋ ದಿನ. ಏಳು ಮಂದಿಗೆ ಮೂವರು ಆಳು, ಲೆಕ್ಕ ಬರೋಬ್ಬರಿ ಇತ್ತು. ಆದ್ರ ಮನಿ ಖಾಲಿ ಕಂಡ್ರ ಲೈಸೆನ್ಸ್ ಕೊಡಂಗಿಲ್ಲಂತ ತಿಳಕೊಂಡು, ನಮ್ಮ ಪೇಷಂಟ್ ಒಬ್ಬರ ಮನಿ ಮಂದಿ ಆರು ಜನ ಘಾಟಬೋರಾಳದಿಂದ ಟಂಟಂ ಗಾಡ್ಯಾಗ ಬಂದು, ತಲೀಗೆ ಪಟ್ಟಿ ಕಟ್ಟಿ, ಕೌದಿ ಹಾಸಿ ಮಲಗಿಬಿಟ್ಟಾರ!

“ಹದಿಮೂರು ಮಂದಿಗೆ ಮೂವರು ಸಾಲಂಗಿಲ್ಲ. ಲೈಸೆನ್ಸ್ ಇಲ್ಲ,” ಅಂದ್ರು ಸಾಹೇಬರು.

“ಏಳ್ರೋ ನಿಮ್ಮ ಕೌದಿ ಸುಡ್ಲಿ!” ಅಂತ ಒದರಿದೆ. ಒಬ್ಬನೂ ಕಣ್ಣು ತೆರೀಲಿಲ್ಲ. ನಂಗ ಸಹಾಯ ಮಾಡಾಕತ್ತಾರಂತ!

ನಮ್ಮ ಏಳು ಮಂದ್ಯಾಗ ಒಬ್ಬರು ಬಸ್ ಕಂಡಕ್ಟರ್ ಇದ್ದವ್ರು. ಈಗ ತಮ್ಮ ಹೆಸರೇ ಮರೀತಾರ, ಮಂದಿ ಎಣಸೋದು ಮಾತ್ರ ಮರ್ತಿಲ್ಲ. ವಾಕರ್ ಊರ್ಕೋತ ಬಂದ್ರು, ಎಣಿಸಿದ್ರು, ಮಾರಿ ಕೆಂಪಾತು.

“ಏಯ್, ಟಿಕೇಟ್ ಎಲ್ಲಿ? ಇಳೀರಿ!”

ಆ ದನಿಗೆ ಆರೂ ಮಂದಿ ಧಡಕ್ಕನ ಎದ್ದು, ಕೌದಿ ಬಗಲಾಗ ಹಿಡದು, ಸಾಲು ಹಚ್ಚಿ ಹೊರಗ ಓಡಿದ್ರು.

ಆಮ್ಯಾಲ ಕಂಡಕ್ಟರ್ ಸಾಹೇಬ್ರ ಕಡಿ ತಿರುಗಿ, “ನಿಮ್ದು?” ಅಂದ್ರು. ಸಾಹೇಬರು ಬೆದರಿ ಕೊರಳಾಗಿನ ಕಾರ್ಡ್ ತೋರಿಸಿದ್ರು.

“ಪಾಸ್ ಅದ. ಕೂಡ್ರಿ.”

ಸಾಹೇಬರು ಕೂತು, ಹದಿಮೂರಕ್ಕ ಗೀಟು ಹೊಡದು ಏಳು ಬರದು, ಲೈಸೆನ್ಸಿಗೆ ಸಹಿ ಹಾಕಿದ್ರು.

ಕಂಡಕ್ಟರ್ ಗೋಡಿ ಎರಡು ಸಲ ಬಡದು, “ರೈಟ್, ರೈಟ್!” ಅಂದ್ರು.