ಗೋಡೆ ದಾಟಿದ ಗುಳ್ಳೆ

"ಅಂಗಡಿ ಗುಳ್ಳೆ ನೀರಲ್ಲಿ ಎಂತೆಂತ ವಿಷ ಇತ್ತೋ! ನಾನೇ ಮಾಡಿ ಕೊಡ್ತೆ. ನನ್ನ ಗುಳ್ಳೆ ಕಾಂಪೌಂಡ್ ಗೋಡೆ ದಾಟದಿದ್ರೆ, ನಾನೇ ಹೋಯಿ ಅಣ್ಣಯ್ಯನ ಅಂಗಡಿಯಿಂದ ಬಾಟ್ಲಿ ತತ್ತೆ!"

ರಸಾಯನಶಾಸ್ತ್ರದ ನಿವೃತ್ತ ಉಪನ್ಯಾಸಕಿ ತುಂಗಮ್ಮ ಮೊಮ್ಮಕ್ಕಳಾದ ವಿಜೇತಾ, ವಿಶಾಲರೆದುರು ಹೀಗೆ ಘೋಷಿಸಿದರು. ಹಿಂದಿನ ದಿನವಷ್ಟೇ ವಂಡ್ಸೆ ಪೇಟೆಯಲ್ಲಿ ಮಕ್ಕಳು ಕೊಂಡಿದ್ದ ಗುಳ್ಳೆ ನೀರಿನ ಬಾಟಲಿಯನ್ನು ಅಣ್ಣಯ್ಯನಿಗೆ ವಾಪಸು ಕೊಟ್ಟು, ಗಿರಾಕಿಗಳ ಎದುರೇ ಅರ್ಧ ಗಂಟೆ ಪಾಠ ಮಾಡಿ ಬಂದಿದ್ದರು. ಮತ್ತೆ ಅಲ್ಲಿಗೇ ಹೋಗಿ ಕೈಯೊಡ್ಡುವುದೆಂದರೆ!

ಪಾತ್ರೆ ತೊಳೆಯುವ ಲಿಕ್ವಿಡ್, ನೀರು, ಊದಲು ಬಪ್ಪಂಗಾಯಿ, ಅಂದರೆ ಪಪ್ಪಾಯಿ, ಎಲೆಯ ಪೊಳ್ಳು ದಂಟು. ಮೊದಲ ಗುಳ್ಳೆ ಮೂಗಿನ ತುದಿಯಲ್ಲೇ ಒಡೆಯಿತು. ಹತ್ತನೆಯದೂ ಅಷ್ಟೇ. ತುಂಗಮ್ಮನಿಗೆ ಮೊದಲು ಲಿಕ್ವಿಡ್ ಮೇಲೆ ಸಂಶಯ ಬಂತು, ಆಮೇಲೆ ಬಾವಿ ನೀರಿನ ಮೇಲೆ, ಕೊನೆಗೆ ವಿಶಾಲನ ಮೇಲೆ.

"ನೀನ್ ಹತ್ರ ನಿಂತ್ ಉಸಿರು ಬಿಟ್ಟೆ ಅಲ್ದಾ?"

"ಉಸಿರು ಬಿಡ್ದೆ ಇಪ್ಪುದ್ ಹ್ಯಾಂಗೆ ಅಮ್ಮಮ್ಮ?"

ನೀರಿಗೆ ಅಂಟು ಸಾಲದು ಎಂದು ತೀರ್ಮಾನವಾಯಿತು. ಸಕ್ಕರೆ ಕಾಯಿಲೆಯ ಗಂಡ ಕೃಷ್ಣಯ್ಯನ ಕೈಗೆ ಸಿಗದಂತೆ ಬೀಗ ಹಾಕಿಟ್ಟ ಡಬ್ಬಿಯಿಂದ ಬೆಲ್ಲದ ದೊಡ್ಡ ತುಂಡು ಹೊರಬಂತು. ಎಲ್ಲವನ್ನೂ ಚೆಂಬಿನಲ್ಲಿ ಕದಡಿ, ತಟ್ಟೆ ಮುಚ್ಚಿ, ನೊರೆ ಇಳಿಯಲೆಂದು ಜಗಲಿಯ ಮೇಲಿಟ್ಟರು. ಮಕ್ಕಳನ್ನು ಒಳಗೆ ಕೂರಿಸಿ, ಹೊಸ ದಂಟು ಕೊಯ್ಯಲು ಹಿತ್ತಲಿಗೆ ಹೋದರು.

ಬಂದು ನೋಡಿದರೆ ಚೆಂಬಿನ ನೀರು ಎರಡು ಬೆರಳು ಇಳಿದಿದೆ!

"ಯಾರ್ ಚೆಲ್ಲಿದ್ದ್?"

"ನಾವಲ್ಲ ಅಮ್ಮಮ್ಮ!"

"ಕೈ ಕಾಣ್ಸಿ."

ನಾಲ್ಕೂ ಕೈ ಮೂಸಿದರು. ಬೆಳಗ್ಗಿನಿಂದ ಸಾಬೂನಿನಲ್ಲೇ ಆಡಿದ ಕೈಗಳಿಂದ ಮತ್ತೇನು ವಾಸನೆ ಬಂದೀತು? ತುಂಗಮ್ಮನಿಗೆ ಸಾಕ್ಷ್ಯ ಸಿಕ್ಕಿತು, ಅಪರಾಧ ಸಾಬೀತು! ವಿಜೇತಾಳ ಕಣ್ಣಲ್ಲಿ ನೀರು ತುಂಬಿತು.

ಆಗಷ್ಟೇ ಡೈರಿಗೆ ಹಾಲು ಕೊಟ್ಟು ಬಂದ ಕೃಷ್ಣಯ್ಯ ಕಂಬಕ್ಕೊರಗಿ ನಿಂತಿದ್ದರು. ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಎದುರಾಡದೆ ನಿಂತ ಗಂಡನನ್ನು ಕಂಡು ತುಂಗಮ್ಮನಿಗೆ ಸಂತೋಷವಾಗಬೇಕಿತ್ತು. ಸಂಶಯವಾಯಿತು.

"ಹ್ವಾಯ್, ನೀವ್ ಎಂತಕ್ಕೆ ಮಾತಾಡುದಿಲ್ಲೆ?"

ಕೃಷ್ಣಯ್ಯ ಕೈ ಅಲ್ಲಾಡಿಸಿದರು. ಕೆನ್ನೆ ಉಬ್ಬಿತ್ತು.

"ಬಾಯ್ ಬಿಡಿ, ಕಾಂಬ!"

"ನಂಗೆಂತ ಗೊ..."

ಆ 'ಗೊ' ದುಂಡಗಾಗಿಯೇ ಹೊರಬಂತು! ಎಳನೀರಿನಷ್ಟು ದೊಡ್ಡ ಗುಳ್ಳೆ, ಬಣ್ಣ ಬಣ್ಣವಾಗಿ ಮಿರುಗುತ್ತಾ, ತುಳಸಿಕಟ್ಟೆಯ ಮೇಲೆ ಹಾದು, ಗೋಡೆ ದಾಟಿ ರಸ್ತೆಗೆ ಹೋಯಿತು. ಮಕ್ಕಳು ಕುಣಿದರು. ಕೃಷ್ಣಯ್ಯ ಅಂಗಳಕ್ಕೆ ಓಡಿ ಉಗುಳಿದರು.

"ಬಿಸಿಲಿಂದ ಬಂದೆ. ಜಗಲಿ ಮೇಲೆ ಬೆಲ್ಲದ ನೀರ್ ಕಂಡ್ತ್. ಬಂದವ್ರಿಗೆ ಬೆಲ್ಲ, ನೀರ್ ಇಡುದ್ ಅಲ್ದಾ? ಅಂತೂ ಇವತ್ತ್ ನಂಗೂ ಕನಿಕರ ತೋರ್ಸಿದ್ಯಲೆ ಅಂದ್ಕಂಡೆ! ಉಗುಳಿದ್ರೆ ಬೆಲ್ಲದ ಕಳ್ಳ ಅಂಬೆ, ನುಂಗಿದ್ರೆ ಸಾಯ್ತೆ," ಎಂದು ಏದುಸಿರು ಬಿಟ್ಟರು. "ಮೂವತ್ತು ವರ್ಷ ಲ್ಯಾಬಲ್ಲಿ, ಬಾಟ್ಲಿಗೆ ಚೀಟಿ ಅಂಟ್ಸಿ ಅಂದ್ ಮಕ್ಕಳಿಗೆ ಬೈದದ್ದ್ ಯಾರ್ ಮರಾಯ್ತಿ?"

ತುಂಗಮ್ಮ ಒಳಗೆ ಓಡಿದರು. ಮುಕ್ಕಳಿಸಲು ನೀರು ತಂದರು. ಸ್ವಲ್ಪ ತಡೆದು, ಕಡಲೆಯಷ್ಟು ಬೆಲ್ಲವನ್ನೂ ತಂದರು. ಮಕ್ಕಳ ಮುಖ ನೋಡಲಾಗದೆ ಗೋಡೆ ನೋಡಿದರು. ಆಗ ಪಂದ್ಯ ನೆನಪಾಯಿತು.

"ಏನೇ ಆಗ್ಲಿ, ನನ್ನ ಗುಳ್ಳೆ ಗೋಡೆ ದಾಟ್ತಲ್ದಾ? ಇನ್ನ್ ಅಂಗಡಿ ಬಾಟ್ಲಿ ಕೇಳುಕಾಗ."

"ಬಾಟ್ಲಿ ಬ್ಯಾಡ ಅಮ್ಮಮ್ಮ," ವಿಜೇತಾ ಕಣ್ಣೊರೆಸಿಕೊಂಡು ಚೆಂಬನ್ನು ಅಜ್ಜನತ್ತ ಸರಿಸಿದಳು. "ನಿಮ್ಮ ದಂಟೂ ಬ್ಯಾಡ. ಅಜ್ಜಯ್ಯಂಗೆ ಇನ್ನೊಂದ್ ಗುಟುಕ್ ಕೊಡಿ, ಸಾಕ್!"