ಸುಕ್ಕ ಪುಡಿಯ ಪ್ಯಾಕೆಟಿಗೆ ಒಂದು ಫೋಟೋ

ಗಂಡ ತೀರಿಹೋಗಿ ಹನ್ನೊಂದು ವರ್ಷವಾದರೂ ಶಕ್ತಿನಗರದ ಆ ಮನೆಗೆ ಕರೆಂಟು ಬಿಲ್ಲು, ನೀರಿನ ಬಿಲ್ಲು, ಮದುವೆಯ ಕಾಗದ ಎಲ್ಲವೂ ಬೋಜಣ್ಣನ ಹೆಸರಿಗೇ ಬರುತ್ತಿದ್ದವು. ಕಿನ್ನಿಯಕ್ಕನ ಹೆಸರಿಗೆಂದು ಬಂದದ್ದು ಮೊಣಕಾಲು ನೋವು ಒಂದೇ. ಹೀಗಿರುವಾಗ ಪಡೀಲಿನ ಅಂಗಡಿಯ ರಾಝಿಕ್ ಆಕೆಯ ಕೋಳಿ ಸುಕ್ಕದ ಮಸಾಲೆ ಪುಡಿಯನ್ನು ಮೂಸಿ ನೋಡಿ, "ಕಿನ್ನಿಯಕ್ಕಾ, ಇದನ್ನು ಪ್ಯಾಕೆಟ್ ಮಾಡಿ ದುಬೈಗೂ ಕಳಿಸ್ತೇನೆ. ಮೇಲೆ ನಿಮ್ಮದೇ ಹೆಸರು. ಶನಿವಾರ ಐದು ಗಂಟೆಯೊಳಗೆ ಒಂದು ಚಂದದ ಫೋಟೋ ಕಳಿಸಿ, ಪ್ರಿಂಟಿನವನಿಗೆ ಕೊಡ್ಲಿಕ್ಕುಂಟು" ಎಂದುಬಿಟ್ಟ. 'ಕಿನ್ನಿಯಕ್ಕನ ಸುಕ್ಕ ಪುಡಿ.' ಕಡಲಾಚೆಗೆ ಹೋಗುವ ಹೆಸರು. ಆಮೇಲೆ ಮೂರು ದಿನ ಆಕೆಗೆ ಊಟವೇ ಸೇರಲಿಲ್ಲ.

ಫೋಟೋದ ಭಾರ ಮೊಮ್ಮಗಳು ನಿರೀಕ್ಷಾಳದ್ದು. ಅವಳು ಶನಿವಾರ ಮಧ್ಯಾಹ್ನ ದಂಡಯಾತ್ರೆಗೆ ಹೊರಟವಳಂತೆ ಸರಂಜಾಮು ಹೊತ್ತು ಬಂದಳು. ಕ್ಯಾಮೆರಾದ ತಲೆಯ ಮೇಲೆ ಇರಬೇಕಾದ ಫ್ಲ್ಯಾಶನ್ನು ಕಿತ್ತು ದೂರದ ಸ್ಟ್ಯಾಂಡಿಗೆ ಸಿಕ್ಕಿಸಿದಳು. ಕಪಾಟಿನಿಂದ ಅಜ್ಜ ಉಡುತ್ತಿದ್ದ ಬಿಳಿ ಮುಂಡು ತೆಗೆದು ಅದರ ಮುಂದೆ ಇಳಿಬಿಟ್ಟಳು.

"ಅವರ ಮುಂಡು ಎಂತಕ್ಕೆ ಮಗಾ?"

"ಬೆಳಕು ಮೆತ್ತಗೆ ಬೀಳ್ಲಿಕ್ಕೆ ಅಜ್ಜಿ. ಇಲ್ಲದಿದ್ರೆ ಕೋಳಿ ಪೊಲೀಸ್ ಸ್ಟೇಷನಲ್ಲಿ ಫೋಟೋ ತೆಗೆಸಿದ ಹಾಗೆ ಕಾಣ್ತದೆ."

ಬೇರೆ ಬೆಳಕು ನುಸುಳಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದಳು. ನೆರಳಿನ ಬದಿಗೂ ಸ್ವಲ್ಪ ಬೆಳಕು ಮರಳಿ ಬೀಳಲೆಂದು ಟಿ.ವಿ. ಪೆಟ್ಟಿಗೆಯ ಥರ್ಮಾಕೋಲನ್ನು ನಿಲ್ಲಿಸಿದಳು. ಕೋಳಿಯನ್ನು ಅರ್ಧ ಮಾತ್ರ ಬೇಯಿಸಬೇಕಂತೆ, ಪೂರ್ತಿ ಬೆಂದರೆ ತುಂಡು ಮುದುಡುತ್ತದಂತೆ. ಅದರ ಮೇಲೆ ಬ್ರಷ್ಷಿನಲ್ಲಿ ಎಣ್ಣೆ ಬಳಿದಳು. (ಆ ಮನೆಯ ಕಿಟಕಿಗೂ ಯಾರೂ ಅಷ್ಟು ನಾಜೂಕಾಗಿ ಪೇಂಟು ಹೊಡೆದಿರಲಿಲ್ಲ.)

"ಅರ್ಧ ಬೆಂದ ಕೋಳಿಗೆ ನನ್ನ ಹೆಸರಾ? ಮರ್ಯಾದೆ ಉಂಟಾ ನಮಗೆ?"

"ಫೋಟೋವನ್ನು ಯಾರೂ ತಿನ್ನುದಿಲ್ಲ ಅಜ್ಜಿ."

ಹಾಸಿದ ಖಾಲಿ ಬಾಳೆ ಎಲೆಯ ಫೋಟೋವನ್ನೇ ನಲವತ್ತು ಸಲ ತೆಗೆದು ಬೆಳಕು ಸರಿಮಾಡಿದ್ದಾಯಿತು. ಕೊನೆಗೆ ಸುಕ್ಕ ಬಡಿಸಿ, ಪಕ್ಕದಲ್ಲಿ ಪುಡಿಯ ಭರಣಿ ಇಟ್ಟು, ಹಬೆ ಏಳುವಂತೆ ಕಾಣಲೆಂದು ಎಲೆಯ ಹಿಂದೆ ಊದುಬತ್ತಿ ಹಚ್ಚುವಷ್ಟರಲ್ಲಿ ಫ್ಲ್ಯಾಶಿನ ಸೆಲ್ಲು ಮುಗಿದಿತ್ತು. "ಎಂತದ್ದೂ ಮುಟ್ಬೇಡಿ" ಎಂದು ಅವಳು ಅಂಗಡಿಗೆ ಓಡಿದಳು.

ಕಿನ್ನಿಯಕ್ಕ ಒಬ್ಬಳೇ ನಿಂತು ನೋಡಿದಳು. ಮುಚ್ಚಿದ ಕೋಣೆ, ಎಲೆಯಲ್ಲಿ ಕೋಳಿ, ಊದುಬತ್ತಿಯ ಹೊಗೆ, ಮೇಲೆ ಬೋಜಣ್ಣನ ಮುಂಡು. ತೀರಿಹೋದವರಿಗೆ ಆಟಿ ತಿಂಗಳಲ್ಲಿ ಅಗೆಲು ಎಂದು ಎಡೆ ಬಡಿಸುವುದೂ ಹೀಗೆಯೇ ತಾನೇ. ಎಲೆ ಹಾಕಿದ ಮೇಲೆ ಕರೆಯದೆ ಇರುವುದುಂಟೇ? ಜೀವ ಇದ್ದಾಗ ಬಡಿಸುವುದು ಎರಡು ನಿಮಿಷ ತಡವಾದರೆ ಹಂಚು ಹಾರುವಂತೆ ಕೂಗುತ್ತಿದ್ದ ಮನುಷ್ಯ. ಆಕೆ ಗೋಡೆಯಿಂದ ಗಂಡನ ಫೋಟೋ ಇಳಿಸಿ ಎಲೆಯ ಹಿಂದೆ ಕೂರಿಸಿದಳು. ಅವರು ಒಬ್ಬರೇ ಉಣ್ಣಲೆಂದು ಬಾಗಿಲು ಎಳೆದುಕೊಂಡು, ಹೊರಗೆ ಕೈ ಮುಗಿದು ನಿಂತಳು.

ನಿರೀಕ್ಷಾ ಸೆಲ್ಲಿನೊಂದಿಗೆ ಬಂದು ಒಳಗೆ ಇಣುಕಿದಳು. "ಅಜ್ಜ ಯಾಕೆ ಇಲ್ಲಿ?"

"ಊಟಕ್ಕೆ ಕೂತಿದ್ದಾರೆ, ಎಬ್ಬಿಸ್ಬೇಡ. ಅವರೊಟ್ಟಿಗೆ ಒಂದು ತೆಗೆ. ಆಮೇಲೆ ನಿನ್ನ ಇಷ್ಟ."

ವಾದಕ್ಕೆ ಹೊತ್ತಿರಲಿಲ್ಲ. ಅಜ್ಜನ ಚೌಕಟ್ಟಿನ ಗಾಜು ಹೊಳೆಯದಂತೆ ಸ್ಟ್ಯಾಂಡನ್ನು ಬದಿಗೆ ಸರಿಸಿ, ಅವಳು ಒಂದು ತೆಗೆದಳು. ಹೇಗೆ ಬಂದಿದೆಯೆಂದು ಕಂಪ್ಯೂಟರಿಗೆ ಹಾಕಿ ನೋಡಿ ಮರಳಿದರೆ ಎಲೆ ಖಾಲಿ.

"ಅಜ್ಜೀ, ಕೋಳಿ ಎಲ್ಲಿ?"

"ಒಲೆಯಲ್ಲಿ. ಹೋದವರಿಗೆ ಬಡಿಸಿದ್ದನ್ನು ಮನೆಯವರು ತಿನ್ಲೇಬೇಕು. ಅರ್ಧ ಬೆಂದದ್ದನ್ನು ತಿನ್ಲಿಕ್ಕಾಗ್ತದಾ ಮಾರಾಯ್ತಿ? ಹೇಗೂ ಒಂದು ಫೋಟೋ ಆಯ್ತಲ್ಲ."

ಗಂಟೆ ನಾಲ್ಕು ಐವತ್ತು. ನಿರೀಕ್ಷಾ ಹಣೆ ಚಚ್ಚಿಕೊಂಡು ಅದನ್ನೇ ರಾಝಿಕ್‌ಗೆ ಕಳಿಸಲು ಕೂತಳು. ಬರೆಯುತ್ತಾ ಗಟ್ಟಿಯಾಗಿ ಓದಿದಳು: "ಹಿಂದೆ ಇರುವ ಅಜ್ಜನನ್ನು ಕತ್ತರಿಸಿ ಹಾಕಿ."

"ಕತ್ತರಿಸುದಾ? ಊಟಕ್ಕೆ ಕರೆದು ಕತ್ತರಿಸುದಾ? ಅಳಿಸು ಅದನ್ನು."

ಅಳಿಸಿ ಕಳಿಸಿದ್ದಾಯಿತು. ಸೋಮವಾರ ರಾಝಿಕ್‌ನ ಫೋನು ಬಂತು.

"ಸೂಪರ್ ಬಂದಿದೆ ಕಿನ್ನಿಯಕ್ಕಾ. ಪ್ರಿಂಟಿನವನು ಹೇಳಿದ, ಈ ಹಿರಿಯರ ಮುಖದಲ್ಲೇ ಅಡಿಗೆಯ ಕಳೆ ಉಂಟು, ಮುಖ ಒಬ್ಬರದ್ದು ಹೆಸರು ಇನ್ನೊಬ್ಬರದ್ದು ಆದ್ರೆ ಸರಿಯಾಗುದಿಲ್ಲ ಅಂತ. ಹಾಗೆ 'ಬೋಜಣ್ಣನ ಸುಕ್ಕ ಪುಡಿ' ಅಂತಲೇ ಹಾಕಿಸಿದ್ದೇನೆ. ಐದು ಸಾವಿರ ಪ್ಯಾಕೆಟ್ ಪ್ರಿಂಟೂ ಆಯ್ತು. ನಿಮಗೂ ಖುಷಿಯಾಗ್ಬಹುದು ಅಂತ ಗ್ರಹಿಸಿದೆ."

ಅಡಿಗೆಮನೆಯ ದೀಪದ ಸ್ವಿಚ್ಚು ಯಾವ ಗೋಡೆಯಲ್ಲಿದೆ ಎಂದು ತಿಳಿಯದೆಯೇ ಸ್ವರ್ಗಸ್ಥನಾದ ಬೋಜಣ್ಣ, ಹೀಗೆ ಮೆತ್ತಗಿನ ಬೆಳಕಿನಲ್ಲಿ ಮಿಂದು ದುಬೈಗೆ ಹೊರಟ.

ಪ್ಯಾಕೆಟ್ ಅಂಗಡಿಗೆ ಬಂದ ದಿನ ಪಕ್ಕದ ಮನೆಯ ಮಗ್ದಲೀನ್ ಒಂದನ್ನು ಹಿಡಿದುಕೊಂಡೇ ಬಂದಳು. "ನಿಮ್ಮ ಪುಣ್ಯ ಕಿನ್ನಿಯಕ್ಕ. ನಮ್ಮವರಿಗೆ ಒಂದು ಚಾ ಮಾಡ್ಲಿಕ್ಕೂ ಬರುದಿಲ್ಲ. ನಿಮಗೆ ಇಷ್ಟು ವರ್ಷ ಇವರೇ ಮಾಡಿ ಹಾಕಿದ್ದಾ?"

ಕಿನ್ನಿಯಕ್ಕ ಬಾಯಿ ತೆರೆದಳು. ಆದರೆ ಮೊನ್ನೆ ಮೊನ್ನೆ ಕೈ ಮುಗಿದು ಊಟಕ್ಕೆ ಕರೆದ ಗಂಡನನ್ನು ಇಂದು ನೆರೆಯವರ ಮುಂದೆ ಹಳಿಯುವುದು ಹೇಗೆ?

"ಹೌದು" ಎಂದಳು. "ಹುರಿದು ಕುಟ್ಲಿಕ್ಕೆ ಮಾತ್ರ ನನ್ನನ್ನು ಕರೀತಿದ್ರು."